ಊರಿಗೊಂದೇ ಬಾಗಿಲು

ಶನಿವಾರ ರಾತ್ರಿ ಯಾವ ಬಾರಾದರೂ ತುಂಬುತ್ತದೆ. ಅದು ಉಳಿಯುತ್ತದೋ ಮುಚ್ಚುತ್ತದೋ ಎಂಬುದು ತೀರ್ಮಾನವಾಗುವುದು ಮಂಗಳವಾರ. ಬಾಡಿಗೆ, ಸಂಬಳ, ಕರೆಂಟು, ವಿಮೆ, ಪರವಾನಗಿ ಶುಲ್ಕ ವಾರದ ಏಳೂ ದಿನ ಓಡುತ್ತಿರುತ್ತವೆ; ಗಿರಾಕಿಗಳು ಬರುವುದು ಎರಡೇ ದಿನ. ಈ ಕಷ್ಟ ಎಲ್ಲ ಬಾರ್‌ಗಳಿಗೂ ಇದ್ದದ್ದೇ. ಆದರೆ ಆ ಬಾರು ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಜನ ಬಂದು ಕೂರುವ ಜಾಗವಾಗಿದ್ದು, ಊರೂ ಚಿಕ್ಕದಾಗಿದ್ದರೆ ಖಾಲಿ ಕುರ್ಚಿಗಳು ಬರೀ ವ್ಯಾಪಾರದ ಮಾತಾಗಿ ಉಳಿಯುವುದಿಲ್ಲ. ಯಾಕೆಂದರೆ ಆ ಊರಿನಲ್ಲಿ ಅಂಥ ಇನ್ನೊಂದು ಜಾಗ ಇರುವುದಿಲ್ಲ.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮೊಬೈಲ್ ಎಂಬ ಹೆಸರಿನ ಬಂದರು ನಗರವಿದೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 1.87 ಲಕ್ಷ ಜನ. 2019ರಲ್ಲಿ ದಂಪತಿಯಾದ ಇಬ್ಬರು ಮಹಿಳೆಯರು ಅಲ್ಲಿ ‘ಹರ್ಜ್’ ಎಂಬ ಲೆಸ್ಬಿಯನ್ ಬಾರ್ ತೆರೆದರು. ಅಂಥ ಊರಿನಲ್ಲಿ ಅಂಥ ಬಾರಿಗೆ ಎಷ್ಟು ಜನ ಸಿಕ್ಕಾರು? ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಊರಿನ ವಯಸ್ಕರು ಸುಮಾರು 1.4 ಲಕ್ಷ. ಗ್ಯಾಲಪ್ ಸಂಸ್ಥೆ 2022ರಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ತಮ್ಮನ್ನು ಎಲ್‌ಜಿಬಿಟಿ ಎಂದು ಗುರುತಿಸಿಕೊಂಡ ಅಮೆರಿಕನ್ ವಯಸ್ಕರು ನೂರಕ್ಕೆ ಏಳು. ಆ ಪ್ರಮಾಣವೇ ಇಲ್ಲಿಗೂ ಅನ್ವಯಿಸಿದರೆ ಹತ್ತು ಸಾವಿರ. ಅದರಲ್ಲಿ ಅರ್ಧ ಹೆಂಗಸರು, ಐದು ಸಾವಿರ. ಕುಡಿಯದವರು, ಚಿಕ್ಕ ಮಕ್ಕಳಿರುವವರು, ರಾತ್ರಿ ಪಾಳಿಯವರು, ಮನೆಯಲ್ಲಿ ಸುಖವಾಗಿರುವವರು, ಯಾರಾದರೂ ನೋಡಿಬಿಟ್ಟರೆ ಎಂಬ ಭಯದವರು ಇವರನ್ನೆಲ್ಲ ಕಳೆದರೆ ಸಾವಿರ ಜನ ಉಳಿದಾರು. ವಾರದ ನಡುವೆ ಒಂದು ರಾತ್ರಿ ಅವರಲ್ಲಿ ನೂರಕ್ಕೊಬ್ಬರು ಹೊರಟರೆ ಬಾರಿನಲ್ಲಿ ಹತ್ತು ಜನ. ಇದೇ ಲೆಕ್ಕ ನ್ಯೂಯಾರ್ಕಿನಲ್ಲಿ ಹಾಕಿದರೆ ಹತ್ತು ನೂರಾರಾಗುತ್ತದೆ. ಅಲ್ಲಿ ಚರ್ಮದ ಜಾಕೆಟ್‌ನವರಿಗೊಂದು, ಹಾಡುವವರಿಗೊಂದು, ವಯಸ್ಸಾದವರಿಗೊಂದು ಎಂದು ಬಗೆಬಗೆಯ ಬಾರ್ ನಡೆಯಬಲ್ಲದು. ಸಣ್ಣ ಊರಿನಲ್ಲಿ ಆ ಹತ್ತು ಜನರೇ ಎಲ್ಲ.

ಹೀಗಾಗಿ ಸಣ್ಣ ಊರಿನ ಬಾರು ಎಲ್ಲರಿಗೂ ಎಲ್ಲವೂ ಆಗಬೇಕಾಗುತ್ತದೆ.

ಈ ವಿಷಯವನ್ನು ಬಹಳ ಹತ್ತಿರದಿಂದ ನೋಡಿದವರು ಗ್ರೆಗರ್ ಮ್ಯಾಟ್ಸನ್. ಒಹಾಯೊ ರಾಜ್ಯದ ಓಬರ್ಲಿನ್ ಕಾಲೇಜಿನ ಸಮಾಜಶಾಸ್ತ್ರಜ್ಞ. ಅಮೆರಿಕದ ಉದ್ದಗಲ ತಿರುಗಿ, ಬಾರ್‌ ಮಾಲೀಕರನ್ನು ಮಾತಾಡಿಸಿ, 2023ರಲ್ಲಿ ‘ಹೂ ನೀಡ್ಸ್ ಗೇ ಬಾರ್ಸ್?’ ಎಂಬ ಪುಸ್ತಕ ಬರೆದರು. ಅದಕ್ಕೂ ಮೊದಲು ಅವರು ಮಾಡಿದ್ದು ಎಣಿಕೆಯ ಕೆಲಸ. 1960ರ ದಶಕದಿಂದ ಪ್ರಕಟವಾಗುತ್ತ ಬಂದ ಡ್ಯಾಮ್ರನ್ ಗೈಡ್ ಎಂಬ ಪ್ರವಾಸಿ ಕೈಪಿಡಿಯಿತ್ತು. ಯಾವ ಊರಿನಲ್ಲಿ ಸಲಿಂಗಿಗಳು ನಿರ್ಭಯವಾಗಿ ಕೂರಬಹುದಾದ ಜಾಗ ಯಾವುದು ಎಂದು ಅದು ಪಟ್ಟಿ ಮಾಡುತ್ತಿತ್ತು. ಆ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ಮ್ಯಾಟ್ಸನ್ ಎಣಿಸಿದಾಗ, 2007ರಿಂದ 2019ರ ನಡುವೆ ಗೇ ಬಾರ್‌ಗಳು ನೂರಕ್ಕೆ 37ರಷ್ಟು ಕಡಿಮೆಯಾಗಿದ್ದವು. ಲೆಸ್ಬಿಯನ್ ಬಾರ್‌ಗಳು ನೂರಕ್ಕೆ 52ರಷ್ಟು. ಕಪ್ಪುವರ್ಣೀಯರು, ಲ್ಯಾಟಿನೊ ಮುಂತಾದ ಬಿಳಿಯರಲ್ಲದವರು ಸೇರುತ್ತಿದ್ದ ಬಾರ್‌ಗಳು ನೂರಕ್ಕೆ 59ರಷ್ಟು. ಯಾರ ಕೈಯಲ್ಲಿ ಹಣ ಕಡಿಮೆಯೋ ಅವರ ಜಾಗವೇ ಹೆಚ್ಚು ಹೋಗಿದೆ. ಇದರಲ್ಲಿ ಆಶ್ಚರ್ಯವೇನಿಲ್ಲ, ಆದರೆ ಇದು ಎಣಿಕೆಗೆ ಸಿಕ್ಕಿದ್ದು ದೊಡ್ಡ ಮಾತು.

ಸುತ್ತ ಒಂದು ಗಂಟೆಯ ಕಾರು ಪ್ರಯಾಣದೊಳಗೆ ಅಂಥದ್ದು ಇನ್ನೊಂದಿಲ್ಲದ ಬಾರ್‌ಗಳನ್ನು ಮ್ಯಾಟ್ಸನ್ ಬೇರೆಯಾಗಿ ಗುರುತಿಸಿ ‘ಔಟ್‌ಪೋಸ್ಟ್’ ಎಂದು ಕರೆದರು. ಸಿನಿಮಾಗಳಲ್ಲಿ ಕಾಣುವ ಸ್ಯಾನ್ ಫ್ರಾನ್ಸಿಸ್ಕೊದ ಬಾರಿಗೂ ಇವಕ್ಕೂ ಹೋಲಿಕೆ ಕಡಿಮೆ. ಕಾಮನಬಿಲ್ಲಿನ ಬಾವುಟಗಳ ಬೀದಿ ಇಲ್ಲಿಲ್ಲ. ಗಂಡಸರು, ಹೆಂಗಸರು, ಟ್ರಾನ್ಸ್ ಜನ, ಇಪ್ಪತ್ತರ ಹುಡುಗರು, ಎಪ್ಪತ್ತರ ಮುದುಕರು ಎಲ್ಲ ಒಂದೇ ಕೋಣೆಯಲ್ಲಿ. ಒಂದು ರಾತ್ರಿ ಕ್ಯಾರಿಯೋಕೆ, ಇನ್ನೊಂದು ರಾತ್ರಿ ಗಂಡಸರು ಹೆಣ್ಣಿನ ವೇಷ ತೊಟ್ಟು ಹಾಡಿ ಕುಣಿಯುವಂಥ ಡ್ರ್ಯಾಗ್ ಶೋ, ಮತ್ತೊಂದು ರಾತ್ರಿ ಯಾರದೋ ಆಸ್ಪತ್ರೆ ಖರ್ಚಿಗೆ ಚಂದಾ. ಅವರ ಜೊತೆ ಅಕ್ಕ ತಂಗಿಯರು, ಸಹೋದ್ಯೋಗಿಗಳು, ಮದುವೆಗೆ ಮೊದಲು ಗೆಳತಿಯರೊಂದಿಗೆ ಮಜಾ ಮಾಡಲು ಬಂದ ಹುಡುಗಿಯರು. ನಮ್ಮ ಹಳ್ಳಿಯ ಅರಳಿಕಟ್ಟೆಯಲ್ಲಿ ಪಂಚಾಯ್ತಿ, ಹರಟೆ, ಮಧ್ಯಾಹ್ನದ ನಿದ್ದೆ ಎಲ್ಲ ನಡೆಯುವ ಹಾಗೆ, ಅಲ್ಲೂ ಒಂದೇ ಜಾಗದಲ್ಲಿ ಹತ್ತು ಕೆಲಸ.

ಎಲ್ಲರಿಗೂ ಒಂದೇ ಜಾಗ ಎಂಬುದು ಕೇಳಲು ಚೆನ್ನಾಗಿದೆ. ನಡೆಸುವವರಿಗೆ ಮಾತ್ರ ದಿನವೂ ಪಂಚಾಯ್ತಿ. ಕುಣಿಯುವವರಿಗೆ ಸಂಗೀತದ ಸದ್ದು ಸಾಲದು, ಮಾತಾಡಲು ಬಂದವರಿಗೆ ಅದು ಹೆಚ್ಚು. ಹೊರಗಿನ ಹುಡುಗಿಯರ ಗುಂಪು ಬಂದರೆ ಗಲ್ಲಾ ತುಂಬುತ್ತದೆ, ಆದರೆ ವರ್ಷಗಳಿಂದ ಬರುವ ಹಿರಿಯರೊಬ್ಬರು ನಮ್ಮ ಜಾಗದಲ್ಲಿ ನಾವೇ ಪ್ರದರ್ಶನದ ವಸ್ತುವಾದೆವಲ್ಲ ಎಂದು ಬೇಸರಪಟ್ಟು ಬರುವುದನ್ನೇ ಬಿಡುತ್ತಾರೆ. ಇಬ್ಬರು ಪ್ರೇಮಿಗಳು ಜಗಳವಾಡಿ ಬೇರೆಯಾದರೆ ದೊಡ್ಡ ನಗರದಲ್ಲಿ ಒಬ್ಬರು ಬೇರೆ ಬಾರಿಗೆ ಹೋಗುತ್ತಾರೆ. ಇಲ್ಲಿ ಒಬ್ಬರು ಮನೆಯಲ್ಲೇ ಉಳಿಯಬೇಕು.

ಇನ್ನು ಗುಟ್ಟಿನ ಪ್ರಶ್ನೆ. ಸಣ್ಣ ಊರಿನಲ್ಲಿ ಯಾರ ಕಾರು ಯಾವುದೆಂದು ಎಲ್ಲರಿಗೂ ಗೊತ್ತು. ಬಾರಿನ ಮುಂದೆ ನಿಲ್ಲಿಸಿದ ಕಾರೇ ಸಾಕು, ಸೋಮವಾರ ಶಾಲೆಯಲ್ಲೋ ಕಚೇರಿಯಲ್ಲೋ ಪಿಸುಮಾತು ಶುರುವಾಗಲು. ಹೀಗಾಗಿ ಸಣ್ಣ ಊರಿನ ಅದೆಷ್ಟೋ ಬಾರ್‌ಗಳಿಗೆ ದೊಡ್ಡ ಬೋರ್ಡು ಇರುತ್ತಿರಲಿಲ್ಲ, ಬೀದಿಗೆ ಮುಖಮಾಡಿದ ಕಿಟಕಿಯೂ ಇರುತ್ತಿರಲಿಲ್ಲ. ಬೋರ್ಡಿಲ್ಲದಿದ್ದರೆ ಊರಿಗೆ ಹೊಸದಾಗಿ ಬಂದವರಿಗೆ ದಾರಿ ಸಿಗದು. ಬೋರ್ಡು ಹಾಕಿದರೆ ಹಳಬರು ಹೆದರುತ್ತಾರೆ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಒಂದಷ್ಟು ಗಿರಾಕಿ ನಷ್ಟ.

ಕೊಲರಾಡೊ ರಾಜ್ಯದ ಕೊಲರಾಡೊ ಸ್ಪ್ರಿಂಗ್ಸ್ ನಗರದ ಕಥೆ ಇದೆಲ್ಲದರ ಬೆಲೆಯನ್ನು ಕಣ್ಣೆದುರಿಗಿಡುತ್ತದೆ. 2020ರಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 4.8 ಲಕ್ಷ, ಹೆಚ್ಚುಕಡಿಮೆ 2011ರ ಗಣತಿಯ ಬೆಳಗಾವಿಯಷ್ಟೇ. ಊರ ತುಂಬ ಸೈನ್ಯ: ಫೋರ್ಟ್ ಕಾರ್ಸನ್ ಸೇನಾ ನೆಲೆ, ವಾಯುಪಡೆಯ ಅಕಾಡೆಮಿ. ಸಲಿಂಗಿ ಎಂದು ಬಹಿರಂಗವಾದ ಸೈನಿಕರ ಕೆಲಸ ಹೋಗುತ್ತಿದ್ದ ನಿಯಮ 2011ರ ಸೆಪ್ಟೆಂಬರ್‌ವರೆಗೂ ಜಾರಿಯಲ್ಲಿತ್ತು. ‘ಫೋಕಸ್ ಆನ್ ದ ಫ್ಯಾಮಿಲಿ’ ಎಂಬ ಪ್ರಭಾವಿ ಕ್ರೈಸ್ತ ಸಂಸ್ಥೆ 1991ರಲ್ಲಿ ತನ್ನ ಕೇಂದ್ರ ಕಚೇರಿಯನ್ನು ಇದೇ ಊರಿಗೆ ತಂದಿತು. ಮರುವರ್ಷ, ಈ ಊರಿನಲ್ಲೇ ನೆಲೆಯಿದ್ದ ಒಂದು ಸಂಘಟನೆಯ ಪ್ರಚಾರದಿಂದ ಕೊಲರಾಡೊ ಮತದಾರರು ‘ಎರಡನೇ ತಿದ್ದುಪಡಿ’ಗೆ ಒಪ್ಪಿಗೆ ಕೊಟ್ಟರು. ರಾಜ್ಯದ ಯಾವ ನಗರವೂ ಸಲಿಂಗಿಗಳಿಗೆ ತಾರತಮ್ಯದಿಂದ ರಕ್ಷಣೆ ಕೊಡುವ ಕಾನೂನು ಮಾಡಕೂಡದು ಎಂಬುದು ಅದರ ತಿರುಳು. 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3 ಬಹುಮತದಿಂದ ಅದನ್ನು ತಳ್ಳಿಹಾಕಿತು.

ಇಂಥ ಊರಿನಲ್ಲಿ 2002ರಲ್ಲಿ ಎಲ್‌ಜಿಬಿಟಿ ಜನರಿಗಾಗಿ ಕ್ಲಬ್ ಕ್ಯೂ ತೆರೆಯಿತು. ನಾರ್ತ್ ಅಕಾಡೆಮಿ ಬುಲೆವಾರ್ಡ್ ಎಂಬ ಅಗಲ ರಸ್ತೆಯ ಬದಿಯ ಒಂದು ಸಾಧಾರಣ ಕಟ್ಟಡ. ಇಪ್ಪತ್ತು ವರ್ಷ ಅದು ನಡೆದದ್ದೇ ಒಂದು ಸಾಧನೆ. 2022ರ ನವೆಂಬರ್ 19ರ ಶನಿವಾರ, ಮಧ್ಯರಾತ್ರಿಗೆ ಸ್ವಲ್ಪ ಮೊದಲು, ಬಂದೂಕುಧಾರಿಯೊಬ್ಬ ಒಳನುಗ್ಗಿ ಗುಂಡು ಹಾರಿಸಿದ. ಐವರು ಸತ್ತರು. ಅವರಲ್ಲಿ ಇಬ್ಬರು ಅಲ್ಲೇ ಕೆಲಸಕ್ಕಿದ್ದ ಬಾರ್‌ಟೆಂಡರ್‌ಗಳು. ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಹಂತಕನನ್ನು ಮೊದಲು ನೆಲಕ್ಕೆ ಕೆಡವಿದವರಲ್ಲಿ ಒಬ್ಬರು ರಿಚರ್ಡ್ ಫಿಯರೊ, ಸೈನ್ಯದಿಂದ ನಿವೃತ್ತರಾದವರು, ಊರಿನಲ್ಲಿ ಸಣ್ಣ ಬಿಯರ್ ಉದ್ದಿಮೆ ನಡೆಸುತ್ತಿದ್ದವರು. ಅವರು ಹೆಂಡತಿ, ಮಗಳು, ಮಗಳ ಗೆಳೆಯನ ಜೊತೆ ಡ್ರ್ಯಾಗ್ ಶೋ ನೋಡಲು ಬಂದಿದ್ದರು. ಮಗಳ ಗೆಳೆಯ ಆ ರಾತ್ರಿ ಸತ್ತ ಐವರಲ್ಲಿ ಒಬ್ಬ. ಮಾರನೆಯ ದಿನ ಎಲ್ಲ ವಯಸ್ಸಿನವರೂ ಬರಬಹುದಾದ ಒಂದು ಡ್ರ್ಯಾಗ್ ಬ್ರಂಚ್ ನಿಗದಿಯಾಗಿತ್ತು. ಸಣ್ಣ ಊರಿನ ಇಂಥ ಜಾಗಕ್ಕೆ ಯಾರು ಯಾರು ಬರುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಪರಾಧಿಗೆ 2023ರ ಜೂನ್‌ನಲ್ಲಿ ಜೀವಾವಧಿ ಶಿಕ್ಷೆಗಳಾದವು. ಆದರೆ ಈ ಲೇಖನದ ಮಟ್ಟಿಗೆ ಮುಖ್ಯವಾದದ್ದು 2024ರ ನವೆಂಬರ್‌ನಲ್ಲಿ ಸಂತ್ರಸ್ತರು ಹೂಡಿದ ದಾವೆಗಳು. ಹಂತಕನ ಬಗ್ಗೆ ಮುಂಚೆಯೇ ಸುಳಿವಿದ್ದರೂ ಸ್ಥಳೀಯ ಆಡಳಿತ ಅವನ ಬಂದೂಕು ಕಿತ್ತುಕೊಳ್ಳುವ ಕಾನೂನನ್ನು ಬಳಸಲಿಲ್ಲ ಎಂಬುದು ಒಂದು ಆರೋಪ. ಇನ್ನೊಂದು ಕ್ಲಬ್ಬಿನ ಮಾಲೀಕರ ಮೇಲೆ: ಮೊದಲು ಐದಾರು ಮಂದಿ ಇದ್ದ ಕಾವಲು ಪಡೆಯನ್ನು ವರ್ಷಗಳು ಕಳೆದಂತೆ ಒಬ್ಬರಿಗೆ ಇಳಿಸಿದ್ದರು ಎಂದು. ಆರೋಪದ ಸತ್ಯಾಸತ್ಯ ನ್ಯಾಯಾಲಯಕ್ಕೆ ಬಿಟ್ಟದ್ದು. ಅದರ ಹಿಂದಿರುವ ಪ್ರಶ್ನೆ ಮಾತ್ರ ಇಂಥ ಪ್ರತಿಯೊಂದು ಜಾಗವನ್ನೂ ಕಾಡುತ್ತಿದೆ. 2016ರ ಜೂನ್‌ನಲ್ಲಿ ಆರ್ಲಾಂಡೊ ನಗರದ ಪಲ್ಸ್ ಎಂಬ ಗೇ ಕ್ಲಬ್ಬಿನಲ್ಲಿ 49 ಜನ ಕೊಲೆಯಾದ ಮೇಲೆ ಬಾಗಿಲಲ್ಲಿ ಕಾವಲು ಬೇಕೇ ಬೇಕು ಎಂದು ಎಲ್ಲರಿಗೂ ಗೊತ್ತು. ಹತ್ತು ಗಿರಾಕಿ ಬರುವ ರಾತ್ರಿ ಮೂರು ಜನ ಕಾವಲುಗಾರರ ಸಂಬಳ ಎಲ್ಲಿಂದ ತರುವುದು? ಪಕ್ಕದ ಸಾಮಾನ್ಯ ಬಾರಿನವರಿಗೆ ಈ ಖರ್ಚಿಲ್ಲ. ದ್ವೇಷದ ಬೆಲೆಯನ್ನು ದ್ವೇಷಕ್ಕೆ ಗುರಿಯಾದವರೇ ತಿಂಗಳು ತಿಂಗಳು ಕಟ್ಟುತ್ತಿದ್ದಾರೆ. ಇದು ಅನ್ಯಾಯ.

ಕ್ಲಬ್ ಕ್ಯೂ ಮಾಲೀಕರು 2023ರಲ್ಲಿ ‘ದಿ ಕ್ಯೂ’ ಎಂಬ ಹೆಸರಿನಲ್ಲಿ ಊರಿನ ಒಂದು ಹೋಟೆಲಿಗೆ ಜಾಗ ಬದಲಾಯಿಸುವುದಾಗಿ ಘೋಷಿಸಿದರು. ಹಳೆಯ ಜಾಗಕ್ಕೆ ಹೋಗಿ ಮತ್ತೆ ಕುಣಿಯುವುದು ಎಷ್ಟೋ ಜನರಿಗೆ ಸಾಧ್ಯವಿರಲಿಲ್ಲ.

ಕಾನೂನು ಕೂಡ ಒಮ್ಮೊಮ್ಮೆ ಗಲ್ಲಾಕ್ಕೇ ಕೈಹಾಕುತ್ತದೆ. ಸಣ್ಣ ಊರಿನ ಬಾರಿನ ತಿಂಗಳ ಲೆಕ್ಕ ಸರಿದೂಗಿಸುವುದು ಬಹುಪಾಲು ಡ್ರ್ಯಾಗ್ ಶೋ. ಬಾಗಿಲಲ್ಲಿ ಪ್ರವೇಶ ಶುಲ್ಕ, ಒಳಗೆ ಪಾನೀಯ, ಕಲಾವಿದರಿಗೆ ಪ್ರೇಕ್ಷಕರು ಕೊಡುವ ಟಿಪ್ಸು. 2023ರ ಮಾರ್ಚ್‌ನಲ್ಲಿ ಟೆನೆಸಿ ರಾಜ್ಯ ಸಾರ್ವಜನಿಕ ಜಾಗಗಳಲ್ಲೂ ಮಕ್ಕಳು ನೋಡಬಹುದಾದ ಕಡೆಯೂ ಇಂಥ ಪ್ರದರ್ಶನಗಳನ್ನು ನಿರ್ಬಂಧಿಸುವ ಕಾನೂನು ಮಾಡಿತು. ಜೂನ್‌ನಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಅದನ್ನು ಅಸಾಂವಿಧಾನಿಕ ಎಂದರು. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ವಕೀಲರನ್ನಿಟ್ಟುಕೊಳ್ಳಲು ಶಕ್ತಿಯಿಲ್ಲದ ಮಾಲೀಕರು ಇಂಥ ಹಗ್ಗಜಗ್ಗಾಟದ ನಡುವೆ ಮುಂದಿನ ತಿಂಗಳ ಶೋಗೆ ಕಲಾವಿದರನ್ನು ಗೊತ್ತುಮಾಡಬೇಕೋ ಬೇಡವೋ ಎಂದು ತೂಗುತ್ತ ಕೂರಬೇಕು.

ಬಾರ್‌ಗಳು ಮುಚ್ಚಿದ್ದಕ್ಕೆ ಮೊಬೈಲ್ ಆ್ಯಪ್‌ಗಳೇ ಕಾರಣ ಎನ್ನುವವರು ಬಹಳ. ಗ್ರೈಂಡರ್ ಎಂಬ ಡೇಟಿಂಗ್ ಆ್ಯಪ್ ಬಂದದ್ದು 2009ರಲ್ಲಿ, ಮನೆಯಲ್ಲೇ ಕೂತು ಜೊತೆಗಾರರನ್ನು ಹುಡುಕಬಹುದಾದ ಮೇಲೆ ಬಾರಿಗೆ ಯಾಕೆ ಹೋಗಬೇಕು ಎಂಬ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಸಮಾಜದ ಒಪ್ಪಿಗೆ ಹೆಚ್ಚಿದ್ದರಿಂದ ಯುವಕರು ಗೆಳೆಯರೊಂದಿಗೆ ಯಾವ ಬಾರಿಗಾದರೂ ಹೋಗುತ್ತಾರೆ ಎಂಬ ಮಾತೂ ನಿಜವೇ. ಆದರೆ ಆ್ಯಪ್ ಕೊಡುವುದು ಒಬ್ಬ ವ್ಯಕ್ತಿಯನ್ನು. ಏಡ್ಸ್ ಅಮೆರಿಕದಲ್ಲಿ ಸಾವಿರಗಟ್ಟಲೆ ಜನರನ್ನು ಕೊಂದ 1980ರ ದಶಕದಲ್ಲಿ, ಮನೆಯವರು ಕೈಬಿಟ್ಟವರ ಔಷಧಿಗೂ ಅಂತ್ಯಕ್ರಿಯೆಗೂ ಹಣ ಕೂಡಿಸಿದ್ದು ಇಂಥ ಬಾರ್‌ಗಳಲ್ಲಿ. ಎಪ್ಪತ್ತರ ಅಜ್ಜ ಇಪ್ಪತ್ತರ ಹುಡುಗನ ಪಕ್ಕ ಕೂತು, ಆ ಕಾಲದಲ್ಲಿ ಹೇಗಿತ್ತು ಗೊತ್ತಾ ಎಂದು ಹೇಳುವುದಕ್ಕೆ ಫೋನಿನ ತೆರೆಯಲ್ಲಿ ಜಾಗವಿಲ್ಲ. ಜೊತೆಗೆ, ಒಪ್ಪಿಗೆ ಹೆಚ್ಚಿರುವುದು ಎಲ್ಲೆಡೆ ಒಂದೇ ಸಮ ಅಲ್ಲ. ಕಡಿಮೆ ಒಪ್ಪಿಗೆಯ ಊರುಗಳೇ ಒಂದೇ ಒಂದು ಬಾರು ಇರುವ ಊರುಗಳು ಕೂಡ.

ಬಾರಿಗೇ ಒಂದು ಮಿತಿಯಿದೆ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ 21 ತುಂಬದವರಿಗೆ ಮದ್ಯ ಕೊಡುವಂತಿಲ್ಲ. ಮನೆಯಲ್ಲಿ ಹೇಳಿಕೊಳ್ಳಲಾಗದೆ ಒದ್ದಾಡುವ ಹದಿನಾರರ ಮಗುವಿಗೆ ಊರಿನ ಒಂದೇ ಜಾಗವೂ ಮುಚ್ಚಿದೆ. ಕುಡಿತ ಬಿಡಲು ಹೆಣಗುತ್ತಿರುವವರಿಗೂ ಅಷ್ಟೇ. ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ‘ಇನ್‌ಸೈಡ್ ಔಟ್ ಯೂತ್ ಸರ್ವಿಸಸ್’ ಎಂಬ ಸಂಸ್ಥೆ 1990ರಿಂದ ಹದಿಹರೆಯದವರಿಗಾಗಿ ಕೆಲಸ ಮಾಡುತ್ತಿದೆ. ಅದು ನಡೆಯುವುದು ದೇಣಿಗೆಯಿಂದ. ಬಾರಿಗೆ ಗಿರಾಕಿಯ ಚಿಂತೆಯಾದರೆ ಇಂಥ ಕೇಂದ್ರಕ್ಕೆ ದಾನಿಗಳ ಚಿಂತೆ.

ದೇಣಿಗೆಯ ಬಲವನ್ನು ಲೆಸ್ಬಿಯನ್ ಬಾರ್‌ಗಳೂ ಕಂಡಿವೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಸುಮಾರು ಇನ್ನೂರಿದ್ದ ಈ ಬಾರ್‌ಗಳು 2020ರ ಹೊತ್ತಿಗೆ ಇಪ್ಪತ್ತರ ಆಸುಪಾಸಿಗೆ ಬಂದಿದ್ದವು. ಕೋವಿಡ್ ಬೀಗ ಹಾಕಿಸಿದಾಗ ಎರಿಕಾ ರೋಸ್ ಮತ್ತು ಎಲಿನಾ ಸ್ಟ್ರೀಟ್ ಎಂಬ ಇಬ್ಬರು ಚಿತ್ರ ನಿರ್ದೇಶಕಿಯರು ‘ಲೆಸ್ಬಿಯನ್ ಬಾರ್ ಪ್ರಾಜೆಕ್ಟ್’ ಶುರುಮಾಡಿ, ಎರಡು ಸುತ್ತಿನಲ್ಲಿ ಎರಡು ಲಕ್ಷ ಡಾಲರಿಗೂ ಮಿಕ್ಕಿ ಹಣ ಕೂಡಿಸಿ ಹಂಚಿದರು. ಆಮೇಲೆ ಹೊಸ ಬಾರ್‌ಗಳು ತೆರೆದು ಸಂಖ್ಯೆ ಮೂವತ್ತು ದಾಟಿತು. ಸಂತೋಷದ ಸುದ್ದಿ. ಆದರೆ ಸುದ್ದಿಯಾಗುವ ಬಾರಿಗೆ ಹಣ ಬರುತ್ತದೆ. ಹೆದ್ದಾರಿ ಬದಿಯ ಬೋರ್ಡಿಲ್ಲದ ಬಾರಿನ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುವವರಿಲ್ಲ. ದೇಣಿಗೆ ಬಿಟ್ಟು ಕಾನೂನಿನ ದಾರಿಯೂ ಇದೆ. ಲಂಡನ್ನಿನಲ್ಲಿ ಟವರ್ ಹ್ಯಾಮ್ಲೆಟ್ಸ್ ಕೌನ್ಸಿಲ್ 2017ರಲ್ಲಿ, ಮುಚ್ಚಿಹೋದ ‘ಜಾಯ್ನರ್ಸ್ ಆರ್ಮ್ಸ್’ ಎಂಬ ಗೇ ಪಬ್ಬಿನ ಜಾಗದಲ್ಲಿ ಕಟ್ಟಡ ಕಟ್ಟಲಿದ್ದ ಕಂಪನಿಗೆ, ಹೊಸ ಕಟ್ಟಡದಲ್ಲೂ ಎಲ್‌ಜಿಬಿಟಿ ಜನರಿಗೆ ಒಂದು ಪಬ್ ಇರಲೇಬೇಕು ಎಂದು ಷರತ್ತು ಹಾಕಿತು. ಕೋಟಿಗಟ್ಟಲೆ ಹಣದ ಬಿಲ್ಡರ್ ಬಂದು ಬಾಗಿಲು ತಟ್ಟುವ ನಗರಕ್ಕೆ ಅದು ಸಾಧ್ಯ. ಬಿಲ್ಡರ್ ಬರಲಿ ಎಂದು ಕಾದು ಕೂತಿರುವ ಸಣ್ಣ ಊರು ಯಾರಿಗೆ ಷರತ್ತು ಹಾಕೀತು?

ಕರ್ನಾಟಕದ ಸಣ್ಣ ನಗರಗಳಲ್ಲಿ ಈ ಪ್ರಶ್ನೆ ಬಾರಿನವರೆಗೆ ಹೋಗುವುದೇ ಇಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದ ಮೇಲೆ ಬೆಂಗಳೂರಿನಲ್ಲಿ ಪಾರ್ಟಿಗಳು ಹೆಚ್ಚಿದವು, ಪಂಚತಾರಾ ಹೋಟೆಲುಗಳೂ ಬಾಗಿಲು ತೆರೆದವು. ಕಲಬುರಗಿಯಲ್ಲೋ ದಾವಣಗೆರೆಯಲ್ಲೋ ಒಬ್ಬರು ಅಂಥ ಬಾರ್ ತೆರೆಯುತ್ತೇನೆಂದು ಹೊರಟರೂ ಮೊದಲ ಅಡ್ಡಿ ಅಬಕಾರಿ ಇಲಾಖೆಯಲ್ಲೇ. ಸಾಮಾನ್ಯ ಬಾರ್ ಅಂಡ್ ರೆಸ್ಟೋರೆಂಟಿಗೆ ಬೇಕಾದ ಸಿಎಲ್-9 ಸನ್ನದನ್ನು ರಾಜ್ಯ ಸರ್ಕಾರ 1990ರ ದಶಕದಿಂದ ದಶಕಗಳ ಕಾಲ ಹೊಸದಾಗಿ ಕೊಡಲಿಲ್ಲ. ಇರುವ ಸನ್ನದು ಭಾರೀ ಬೆಲೆಗೆ ಕೈಬದಲಾಗಬೇಕು. ಹತ್ತು ಗಿರಾಕಿಯ ಬಾರು ಅದನ್ನು ಹೊರಲಾರದು. ಇದರ ಮೇಲೆ ನಮ್ಮ ಸಣ್ಣ ಊರಿನ ಬಾರು ಅಂದರೆ ಗಂಡಸರ ಜಾಗ. ಅಲ್ಲಿ ಹೆಂಗಸೊಬ್ಬಳು ಹೋಗಿ ಕೂರುವುದೇ ದೊಡ್ಡ ಸುದ್ದಿ. ಹೊಸ ಮುಖ ಕಂಡರೆ, ಯಾರ ಪೈಕಿ ನೀನು, ನಿಮ್ಮಪ್ಪ ಯಾರು ಎಂಬ ಪ್ರಶ್ನೆಯೂ ಬಂದೇ ಬರುತ್ತದೆ.

ಹಾಗಾದರೆ ಇಲ್ಲಿ ಜನ ಸೇರುವುದೆಲ್ಲಿ? ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ, ದೇವಿಗೆ ಮುಡಿಪಾಗಿ ಹೆಣ್ಣುಡುಗೆಯಲ್ಲಿ ಬದುಕುವ ಜೋಗಪ್ಪಗಳು ಸೇರುತ್ತಾರೆ. ಟ್ರಾನ್ಸ್ ಮಹಿಳೆಯರು ಸೇರುವ ತಮಿಳುನಾಡಿನ ಕೂವಾಗಂ ಹಬ್ಬಕ್ಕೆ ಇಲ್ಲಿಂದಲೂ ಹೋಗುವವರಿದ್ದಾರೆ. ಅವು ವರ್ಷದಲ್ಲಿ ಕೆಲವೇ ದಿನ. ದಿನನಿತ್ಯಕ್ಕೆ ಪಾರ್ಕು, ಬಸ್ ಸ್ಟ್ಯಾಂಡು, ಅಲ್ಲಿ ಪೊಲೀಸರ ಲಾಠಿಯ ಭಯ. ಇವೆಲ್ಲದರ ನಡುವೆ ಕಳೆದ ಎರಡು ದಶಕಗಳಲ್ಲಿ ಜಿಲ್ಲಾ ಕೇಂದ್ರಗಳಲ್ಲಿ ಹುಟ್ಟಿದ ನಿಜವಾದ ಜಾಗವೆಂದರೆ ‘ಡಿಐಸಿ’, ಅಂದರೆ ಡ್ರಾಪ್-ಇನ್ ಸೆಂಟರ್. ಗೇಟ್ಸ್ ಪ್ರತಿಷ್ಠಾನ 2003ರಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ‘ಆವಾಹನ್’ ಎಂಬ ಎಚ್‌ಐವಿ ತಡೆ ಕಾರ್ಯಕ್ರಮ ಶುರುಮಾಡಿತು. ಅದರಲ್ಲಿ ಸಮುದಾಯದವರು ಬಂದುಹೋಗಲು ಒಂದು ಬಾಡಿಗೆ ಕೋಣೆ ಇರುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಅದು ಕಾಂಡೋಮ್ ಹಂಚುವ, ರಕ್ತಪರೀಕ್ಷೆಗೆ ಕಳಿಸುವ ಕಚೇರಿ. ಬಂದವರಿಗೆ ಅದು ಸ್ನಾನ ಮಾಡುವ, ಸೀರೆ ಉಡುವ, ಕನ್ನಡಿ ನೋಡಿಕೊಳ್ಳುವ, ಹಾಡು ಹಾಕಿ ಕುಣಿಯುವ, ಅಳುವ ಜಾಗ. ಮನೆಯಿಂದ ಗಂಡಸಾಗಿ ಹೊರಟವರು ಅಲ್ಲಿ ಒಂದೆರಡು ಗಂಟೆ ತಾವು ತಾವಾಗಿರುತ್ತಿದ್ದರು.

ಆವಾಹನ್ ಹಂತ ಹಂತವಾಗಿ ಸರ್ಕಾರದ ಕೈಗೆ ಹೋಯಿತು. ಎಚ್‌ಐವಿ ಹಣದಿಂದ ನಡೆಯುವ ಜಾಗಕ್ಕೆ ಹುಟ್ಟಿನಿಂದಲೇ ಒಂದು ಕೊರತೆಯಿದೆ. ಯಾರಿಗೆ ಸೋಂಕಿನ ಅಪಾಯ ಹೆಚ್ಚೋ ಅವರಿಗಷ್ಟೇ ಅದರಲ್ಲಿ ಪಾಲು. ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವ ಟ್ರಾನ್ಸ್ ಪುರುಷನಿಗೆ ಆ ಕೋಣೆಯಲ್ಲಿ ಲೆಕ್ಕವಿಲ್ಲ. ಅಮೆರಿಕದಲ್ಲಿ ಹೆಂಗಸರ ಬಾರ್‌ಗಳು ಹೆಚ್ಚಿನ ಪ್ರಮಾಣದಲ್ಲಿ ಮುಚ್ಚಿದವು; ಇಲ್ಲಿ ಹೆಂಗಸರಿಗೆ ಮುಚ್ಚಲು ಏನೂ ಇರಲೇ ಇಲ್ಲ.

ಪಕ್ಕದ ಕೊಯಮತ್ತೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ, ಕೋವಿಡ್ ನಡುವೆ, ಟ್ರಾನ್ಸ್ ಮಹಿಳೆಯರ ಗುಂಪೊಂದು ‘ಕೋವೈ ಟ್ರಾನ್ಸ್ ಕಿಚನ್’ ಎಂಬ ಹೋಟೆಲ್ ತೆರೆಯಿತು. ಮದ್ಯವಿಲ್ಲ, ಗುಟ್ಟಿಲ್ಲ, ಊರಿನ ಯಾರು ಬೇಕಾದರೂ ಬಂದು ಬಿರಿಯಾನಿ ತಿನ್ನಬಹುದು. ಸನ್ನದಿನ ತೊಡಕೂ ಗಿರಾಕಿಯ ಕೊರತೆಯೂ ಒಟ್ಟಿಗೆ ಬಗೆಹರಿಯುವ ಜಾಣ ಯೋಚನೆ ಅದು. ಮರುತಿಂಗಳೇ ಅದರ ಮುಂದಾಳು ಸಂಗೀತಾ ಕೊಲೆಯಾದರು. ಒಬ್ಬ ವ್ಯಕ್ತಿಯ ಹೆಗಲ ಮೇಲೆ ಇಡೀ ಜಾಗ ನಿಂತಿರುವುದು ಸಣ್ಣ ಊರಿನ ಇನ್ನೊಂದು ಅಪಾಯ. ಕೊಲೆಯೇ ಆಗಬೇಕೆಂದಿಲ್ಲ, ಮುಂದಾಳಿಗೆ ಕಾಯಿಲೆಯಾದರೂ ಸಾಕು, ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕರೂ ಸಾಕು.

ಈಗ ಅನೇಕ ಊರುಗಳಲ್ಲಿ ತಿಂಗಳಿಗೊಮ್ಮೆ ಕಾಲೇಜಿನ ಕೋಣೆಯಲ್ಲೋ ಯಾರದೋ ಮನೆಯ ತಾರಸಿಯಲ್ಲೋ ಸೇರುವ ಸಣ್ಣ ಗುಂಪುಗಳಿವೆ. ಅಮೆರಿಕದಲ್ಲೂ ಸಾಮಾನ್ಯ ಬಾರುಗಳನ್ನು ಒಂದು ರಾತ್ರಿಗೆ ಮಾತ್ರ ಪಡೆದು ನಡೆಸುವ ಕೂಟಗಳು ಹೆಚ್ಚಿವೆ. ಬಾಡಿಗೆಯಿಲ್ಲ, ಸನ್ನದಿಲ್ಲ, ನಷ್ಟವಿಲ್ಲ. ಆದರೆ ಮನೆಯಿಂದ ಹೊರಹಾಕಿಸಿಕೊಂಡ ಹುಡುಗ ತಿಂಗಳ ಎರಡನೇ ಭಾನುವಾರದವರೆಗೆ ಕಾಯಲಾರ. ಅವನಿಗೆ ಬೇಕಾದದ್ದು ಅವತ್ತೇ ಸಂಜೆ ಹೋಗಿ ಕೂರಬಹುದಾದ ಒಂದು ವಿಳಾಸ. ಆ ವಿಳಾಸದ ಹನ್ನೊಂದು ತಿಂಗಳ ಬಾಡಿಗೆ ಕರಾರಿಗೆ ಸಹಿ ಹಾಕುವವರು ಯಾರು ಎಂಬಲ್ಲಿಗೆ ಎಲ್ಲ ಮಾತೂ ಬಂದು ನಿಲ್ಲುತ್ತದೆ. ಖಾಸಗಿ ಮನೆಮಾಲೀಕರು ಹಿಂಜರಿಯುವ ಕಡೆ ಈ ಕೆಲಸ ನಗರಪಾಲಿಕೆಯದು. ಸಮುದಾಯ ಭವನ, ಗ್ರಂಥಾಲಯದ ಮೇಲಿನ ಕೋಣೆ ಪಾಲಿಕೆಯ ಕೈಯಲ್ಲೇ ಇರುತ್ತವೆ, ಅವುಗಳ ವಿದ್ಯುತ್ ಬಿಲ್ಲನ್ನು ಹೇಗೂ ಊರೇ ಕಟ್ಟುತ್ತದೆ. ಅದರಲ್ಲೊಂದನ್ನು ಆರೋಗ್ಯ ಯೋಜನೆಯ ಹೆಸರಿಲ್ಲದೆ, ಹೆಣ್ಣು ಗಂಡು ಟ್ರಾನ್ಸ್ ಎನ್ನದೆ, ಸಂಜೆ ಕಚೇರಿಗಳು ಮುಚ್ಚಿದ ಮೇಲೂ ತೆರೆದಿಡಲು ಹೊಸ ಕಾನೂನೇನೂ ಬೇಕಿಲ್ಲ. ಪಾಲಿಕೆಯ ಸಭೆಯಲ್ಲಿ ಒಬ್ಬ ಸದಸ್ಯರು ಅದನ್ನು ಕಾರ್ಯಸೂಚಿಗೆ ತಂದರೆ ಚರ್ಚೆ ಶುರುವಾಗುತ್ತದೆ.